ಮಾಲ್ಡೀವ್ಸ್ ಯಾರ ಪರ?

ಮಾಲ್ಡೀವ್ಸ್‌ನಲ್ಲಿ ಸರ್ಕಾರ ಬದಲಾದಾಗಲೆಲ್ಲ ಅದು ಭಾರತದ ಪರವೋ ಚೀನಾದ ಪರವೋ ಎಂಬ ಚರ್ಚೆ ನಮ್ಮಲ್ಲಿ ಶುರುವಾಗುತ್ತದೆ. ಆ ದೇಶದ ಅಗತ್ಯಗಳನ್ನು ನೋಡಿದರೆ ಈ ಪ್ರಶ್ನೆಯೇ ಸರಿಯಿಲ್ಲ ಎನಿಸುತ್ತದೆ. ಸುಮಾರು 1,200 ದ್ವೀಪಗಳು, ಎಲ್ಲ ಸೇರಿ 300 ಚದರ ಕಿಲೋಮೀಟರ್ ನೆಲ, ಐದು ಲಕ್ಷ ಚಿಲ್ಲರೆ ಜನ. ಅಕ್ಕಿ, ಈರುಳ್ಳಿ, ಮೊಟ್ಟೆ ಹೊರಗಿನಿಂದ ಬರಬೇಕು. ರಾಜಧಾನಿ ಮಾಲೆಯಲ್ಲಿ ನಲ್ಲಿಗೆ ಬರುವುದು ಉಪ್ಪು ತೆಗೆದ ಸಮುದ್ರದ ನೀರು. 2014ರ ಡಿಸೆಂಬರ್‌ನಲ್ಲಿ ಆ ನೀರಿನ ಘಟಕಕ್ಕೆ ಬೆಂಕಿ ಬಿದ್ದು ಲಕ್ಷಕ್ಕೂ ಹೆಚ್ಚು ಜನ ಕುಡಿಯುವ ನೀರಿಲ್ಲದೆ ಪರದಾಡಿದರು. ಭಾರತ ವಾಯುಪಡೆಯ ವಿಮಾನಗಳಲ್ಲೂ ನೌಕಾಪಡೆಯ ಹಡಗುಗಳಲ್ಲೂ ನೀರು ಕಳಿಸಿತು; ಚೀನಾವೂ ಕಳಿಸಿತು. ಬಾಯಾರಿದ ಊರು ಎರಡನ್ನೂ ಸ್ವೀಕರಿಸಿತು. ಆ ದೇಶದ ವಿದೇಶಾಂಗ ನೀತಿಯ ತಿರುಳೇ ಇದು: ಯಾರೊಬ್ಬರನ್ನೇ ನಂಬಿ ಕೂರಬಾರದು.

ಇದು ಇಂದು ನಿನ್ನೆಯ ನಿಲುವಲ್ಲ. 1976ರಲ್ಲಿ ಬ್ರಿಟಿಷರು ಅಲ್ಲಿನ ಗಾನ್ ದ್ವೀಪದ ಸೇನಾ ನೆಲೆಯನ್ನು ತೆರವು ಮಾಡಿದ ಮೇಲೆ ಸೋವಿಯತ್ ಒಕ್ಕೂಟ ಅದನ್ನು ಬಾಡಿಗೆಗೆ ಕೇಳಿತು. ಅಧ್ಯಕ್ಷ ಇಬ್ರಾಹಿಂ ನಾಸಿರ್ ಒಪ್ಪಲಿಲ್ಲ. 1988ರ ನವೆಂಬರ್‌ನಲ್ಲಿ ಬಾಡಿಗೆ ಬಂಟರು ಸರ್ಕಾರ ಉರುಳಿಸಲು ಬಂದಾಗ ಭಾರತದ ಯೋಧರು ಆಗ್ರಾದಿಂದ ಹಾರಿ ಅದೇ ರಾತ್ರಿ ಇಳಿದರು. ಆದರೂ ಮಾಲೆಯನ್ನು ವಿಮಾನನಿಲ್ದಾಣದ ದ್ವೀಪಕ್ಕೆ ಜೋಡಿಸುವ, 2018ರಲ್ಲಿ ತೆರೆದ ಸೇತುವೆಗೆ ಚೀನಾದ ನೆರವು ಪಡೆಯಲು ಆ ದೇಶ ಹಿಂಜರಿಯಲಿಲ್ಲ.

ಇದು ಅವಕಾಶವಾದವಲ್ಲವೇ ಎಂದು ಕೇಳಬಹುದು. 'ಇಂಡಿಯಾ ಔಟ್' ಕೂಗಿನ ಬಲದಿಂದ 2023ರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದ ಮೊಹಮದ್ ಮುಯಿಝು ಅಲ್ಲಿದ್ದ ನಮ್ಮ ಸೈನಿಕರನ್ನು ವಾಪಸ್ ಕಳಿಸಿದ್ದು ನಿಜ. ಆದರೆ ಆ ಸೈನಿಕರು ನಿರ್ವಹಿಸುತ್ತಿದ್ದ ಹೆಲಿಕಾಪ್ಟರ್, ವಿಮಾನಗಳು ಅಲ್ಲೇ ಉಳಿದವು. ಸೈನಿಕರ ಜಾಗಕ್ಕೆ ಭಾರತದ್ದೇ ನಾಗರಿಕ ತಂತ್ರಜ್ಞರು ಹೋದರು. 2024ರ ಅಕ್ಟೋಬರ್‌ನಲ್ಲಿ ಅದೇ ಮುಯಿಝು ದೆಹಲಿಗೆ ಬಂದು 40 ಕೋಟಿ ಡಾಲರ್ ಹಾಗೂ 3,000 ಕೋಟಿ ರೂಪಾಯಿಯ ಕರೆನ್ಸಿ ವಿನಿಮಯ ಒಪ್ಪಂದ ಮಾಡಿಕೊಂಡರು. ಘೋಷಣೆ ಮತದಾರರಿಗೆ, ಒಪ್ಪಂದ ಖಜಾನೆಗೆ. ಈ ಆಟದಲ್ಲಿ ಅಪಾಯವೂ ಇದೆ: ಎರಡೂ ಕಡೆ ಸಾಲ ಬೆಳೆದರೆ ಆಯ್ಕೆಯ ಸ್ವಾತಂತ್ರ್ಯವೇ ಕರಗುತ್ತದೆ. ಹಾಗೆಂದು ಒಬ್ಬರಿಗೇ ಜೋತುಬಿದ್ದರೆ ಆ ಸ್ವಾತಂತ್ರ್ಯ ಮೊದಲ ದಿನವೇ ಹೋಗುತ್ತದೆ. ಮಾಲ್ಡೀವ್ಸ್ ನಮ್ಮಿಂದ ನೆರವು ಪಡೆದಿದೆಯೇ ಹೊರತು ತನ್ನ ನಿರ್ಧಾರಗಳನ್ನು ನಮಗೆ ಒತ್ತೆ ಇಟ್ಟಿಲ್ಲ. ದೊಡ್ಡ ನೆರೆಯವರಾದ ನಾವು ಅಲ್ಲಿನ ಚುನಾವಣಾ ಘೋಷಣೆಗಳಿಗೆ ಸಿಟ್ಟಾಗುವುದನ್ನು ಬಿಟ್ಟು, ಕಷ್ಟಕಾಲದಲ್ಲಿ ಮೊದಲು ತಲುಪುವ ದೇಶವಾಗಿ ಉಳಿಯಬೇಕು.