ಚಳಿಗಾಲದಲ್ಲಿ ಬೀಗದ ಕೈ ಯಾರ ಬಳಿ?

ಬಾಡಿಗೆಗೆ ಹಿಡಿದ ಮನೆಯ ಬಾಗಿಲು ತೆರೆಯುವಾಗ ಅದು ಮೊದಲು ಯಾರದಾಗಿತ್ತು ಎಂದು ಕೇಳುವ ಅಭ್ಯಾಸ ಪ್ರವಾಸಿಗರಿಗೆ ಇರುವುದಿಲ್ಲ. ನನಗೂ ಇರಲಿಲ್ಲ. 2024ರ ನವೆಂಬರ್ ಎರಡನೆಯ ವಾರ, ವೇಲ್ಸ್‌ನ ವಾಯವ್ಯದಲ್ಲಿ ಐರಿಷ್ ಸಮುದ್ರದೊಳಕ್ಕೆ ತೋಳಿನಂತೆ ಚಾಚಿಕೊಂಡಿರುವ ಲೀನ್ ಪರ್ಯಾಯ ದ್ವೀಪದ ಹಳ್ಳಿಯೊಂದರಲ್ಲಿ ನಾವು ಏಳು ದಿನ ಇದ್ದೆವು. ನಾವು ಎಂದರೆ ನಾನು, ನನ್ನ ಹೆಂಡತಿ, ಬರ್ಮಿಂಗ್‌ಹ್ಯಾಮ್‌ನಲ್ಲಿ ನೆಲೆಸಿರುವ ಮಗಳು, ಅಳಿಯ ಮತ್ತು ಮೂರು ವರ್ಷದ ಮೊಮ್ಮಗ. ನೆವಿನ್ ಎಂಬ ಪುಟ್ಟ ಪಟ್ಟಣಕ್ಕೆ ಹತ್ತಿರದ ಊರು. ಮನೆಯಿಂದ ಮರಳ ದಂಡೆಗೆ ಐದು ನಿಮಿಷದ ಇಳಿಜಾರು.

ಮೊದಲು ಹೇಳಿದ ಆ ಪ್ರಶ್ನೆ ನನ್ನನ್ನು ಬೆನ್ನಟ್ಟಿದ್ದಕ್ಕೆ ಕಾರಣವಿದೆ. ಕುಮಟಾ ತಾಲ್ಲೂಕಿನ ಕಡಲಂಚಿನಲ್ಲಿರುವ ನಮ್ಮ ತಂದೆಯ ಮನೆ ಅವರು ತೀರಿಕೊಂಡ ಮೇಲೆ ಖಾಲಿ ಬಿದ್ದಿದೆ. ಹತ್ತು ವರ್ಷಗಳ ಕರಾರಿನ ಮೇಲೆ ಕೊಟ್ಟರೆ ದುರಸ್ತಿ ಮಾಡಿಸಿ ಹೋಂಸ್ಟೇ ನಡೆಸುವುದಾಗಿ ಬೆಂಗಳೂರಿನವರೊಬ್ಬರು ಮುಂದೆ ಬಂದಿದ್ದರು. ಹುಬ್ಬಳ್ಳಿಯಲ್ಲಿರುವ ತಮ್ಮ ನಾನು ವಿಮಾನ ಏರುವ ಮುನ್ನವೇ ಕಾಗದಪತ್ರ ಕಳುಹಿಸಿ, ‘ಅಣ್ಣ, ನಿನ್ನದೊಂದು ಸಹಿ ಬಿದ್ದರೆ ಕೆಲಸ ಮುಗಿಯಿತು’ ಎಂದಿದ್ದ. ಅಂಥ ಮನೆಯಲ್ಲಿ ಅತಿಥಿಯಾಗಿ ಇರುವುದು ಹೇಗಿರುತ್ತದೆ ಎಂಬುದನ್ನಾದರೂ ನೋಡಿ ಬರೋಣ ಎಂದು ನಾನು ಸಹಿಯನ್ನು ಮುಂದೂಡಿದ್ದೆ.

ಬ್ರಿಟನ್ನಿನಲ್ಲಿ ಇಂಥ ಮನೆಗಳಿಗೆ ‘ಸೆಲ್ಫ್ ಕೇಟರಿಂಗ್ ಕಾಟೇಜ್’ ಎಂದು ಹೆಸರು. ಹೋಟೆಲಿನಂತೆ ಕೋಣೆಯಲ್ಲ, ಇಡೀ ಮನೆಯೇ ನಿಮ್ಮದು. ಅಡುಗೆ ಮಾತ್ರ ನೀವೇ ಮಾಡಿಕೊಳ್ಳಬೇಕು. ಸಾಮಾನ್ಯವಾಗಿ ಲೆಕ್ಕ ವಾರಕ್ಕೆ, ಅದೂ ಬಹುತೇಕ ಶನಿವಾರದಿಂದ ಶನಿವಾರಕ್ಕೆ. ಹೊಸಬರು ಮಧ್ಯಾಹ್ನ ನಾಲ್ಕಕ್ಕೆ ಬರಬೇಕು, ಹಳಬರು ಬೆಳಿಗ್ಗೆ ಹತ್ತಕ್ಕೆ ಬಿಡಬೇಕು. ನಡುವಿನ ಆರು ಗಂಟೆಗಳಲ್ಲಿ ಹಾಸಿಗೆಯ ಬಟ್ಟೆ ಬದಲಾಗಿ, ಸ್ನಾನದ ಕೋಣೆಯ ಮರಳು ಗುಡಿಸಿ ಹೋಗಿ, ಒಲೆ ಹೊಳೆಯಬೇಕು. ಬೀಗದ ಕೈ ಬಾಗಿಲ ಪಕ್ಕದ ಗೋಡೆಯಲ್ಲಿ, ಅಂಕಿ ತಿರುಗಿಸಿದರೆ ತೆರೆಯುವ ಪುಟ್ಟ ಪೆಟ್ಟಿಗೆಯಲ್ಲಿರುತ್ತದೆ. ಮೇಜಿನ ಮೇಲೊಂದು ಕಡತ: ಯಾವ ಕಸ ಯಾವ ಡಬ್ಬಿಗೆ, ಬಿಸಿನೀರಿನ ಗುಂಡಿ ಎಲ್ಲಿ, ಉಬ್ಬರವಿಳಿತದ ವೇಳೆ ಏನು. ಬೇಸಿಗೆಯ ಶಾಲಾ ರಜೆಯಲ್ಲಿ ಇದರ ಬಾಡಿಗೆ ನಮ್ಮಂಥವರ ಕೈಗೆ ಎಟುಕುವುದಿಲ್ಲ. ನವೆಂಬರಿನಲ್ಲಿ ಅರ್ಧಕ್ಕೂ ಕಡಿಮೆಗೆ ಸಿಕ್ಕಿತು.

ಅನ್ನ, ಸಾರು ಇಲ್ಲದೆ ಎರಡು ದಿನ ಕಳೆಯಲಾಗದ ನಮ್ಮವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಕುಕ್ಕರ್, ಸಾರಿನ ಪುಡಿ, ಇಂಗಿನ ಡಬ್ಬಿ ಕಾರಿನಲ್ಲಿ ನಮ್ಮೊಡನೆಯೇ ಬಂದಿದ್ದವು. ಮೊದಲ ರಾತ್ರಿ ಒಗ್ಗರಣೆಗೆ ಸಾಸಿವೆ ಸಿಡಿದು ಒಣಮೆಣಸಿನ ಘಾಟು ಏಳುತ್ತಿದ್ದಂತೆ ಚಾವಣಿಯ ಹೊಗೆಗಂಟೆ ಊರೆಲ್ಲ ಕೇಳುವಂತೆ ಅರಚಿಕೊಂಡಿತು. ಎರಡೇ ನಿಮಿಷದಲ್ಲಿ ಪಕ್ಕದ ಮನೆಯಿಂದ ಅರುವತ್ತರ ಆಸುಪಾಸಿನ ಹೆಂಗಸೊಬ್ಬರು ಚಪ್ಪಲಿ ಮೆಟ್ಟಿಕೊಂಡು ಓಡಿಬಂದರು. ಕುರ್ಚಿ ಹತ್ತಿ ಗುಂಡಿ ಒತ್ತಿ ಗಂಟೆ ನಿಲ್ಲಿಸಿದರು. ಆಮೇಲೆ ಬಾಣಲೆಯತ್ತ ಬಗ್ಗಿ ಮೂಸಿ, ‘ಇದೇನು?’ ಎಂದು ಕೇಳಿದರು. ಅವರೇ ಮನೆಯೊಡತಿ. ಮರುದಿನ ನನ್ನ ಹೆಂಡತಿ ಒಂದು ಬಟ್ಟಲು ಸಾರು ಕೊಟ್ಟು ಬಂದಳು. ಬಟ್ಟಲು ಬರಿದಾಗಿ ಬರಲಿಲ್ಲ, ‘ಬಾರಾ ಬ್ರಿಥ್’ ಎಂಬ, ಚಹಾದಲ್ಲಿ ನೆನೆಸಿದ ದ್ರಾಕ್ಷಿಯ ರೊಟ್ಟಿಯ ತುಂಡುಗಳನ್ನು ಹೊತ್ತು ಬಂದಿತು. ತಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದೆಂಬ ಶಾಸ್ತ್ರ ಅಲ್ಲಿಯೂ ಇದೆಯೆಂದು ನನ್ನ ಹೆಂಡತಿಗೆ ಸಂತೋಷವಾಯಿತು.

ಆ ಮನೆ ಅವರ ತಾಯಿಯದು. ತಾಯಿಯ ತಂದೆ ನೆವಿನ್‌ನ ಹೆರಿಂಗ್ ಮೀನುಗಾರರಲ್ಲೊಬ್ಬರು. ಆ ಪಟ್ಟಣದ ಲಾಂಛನದಲ್ಲೇ ಮೂರು ಹೆರಿಂಗ್ ಮೀನುಗಳಿವೆ. ಎರಡಡಿ ದಪ್ಪದ ಕಲ್ಲುಗೋಡೆ, ತಲೆ ತಗ್ಗಿಸಿ ಹೋಗಬೇಕಾದ ಬಾಗಿಲು, ಕಡಲಗಾಳಿಗೆ ಬೆನ್ನು ಹಾಕಿ ಕುಳಿತಂತಹ ಕಟ್ಟಡ. ಬಾಗಿಲ ಮೇಲೆ ಸ್ಲೇಟಿನ ಹಲಗೆಯಲ್ಲಿ ವೆಲ್ಷ್ ಹೆಸರೊಂದಿತ್ತು. ಅದನ್ನು ಉಚ್ಚರಿಸಲು ಅವರು ನನ್ನ ಮೊಮ್ಮಗನಿಗೆ ಕಲಿಸಿದರು: ‘ಲ’ಕಾರಕ್ಕೆ ನಾಲಗೆ ಇಟ್ಟು, ಧ್ವನಿ ಹೊರಡಿಸದೆ, ಗಾಳಿಯನ್ನಷ್ಟೇ ಊದು. ಹುಡುಗ ಒಂದೇ ದಿನಕ್ಕೆ ಕಲಿತ. ‘ಳ’ಕಾರ ಹೇಳುವ ನನ್ನ ನಾಲಗೆಗೆ ಏಳು ದಿನವಾದರೂ ಅದು ಒಲಿಯಲಿಲ್ಲ.

ಅದು ಕಾರ್ತಿಕ ಮಾಸ. ನಮ್ಮಲ್ಲಿ ಸಂಜೆ ಹೊಸ್ತಿಲಿಗೆ ಹಣತೆ ಇಡುವ ಕಾಲ. ಅಲ್ಲಿ ನಾಲ್ಕೂವರೆಗೆಲ್ಲ ಕತ್ತಲು ಕವಿಯುತ್ತಿತ್ತು. ಮಗಳು ಒಂದು ಪಿಂಗಾಣಿ ಬಟ್ಟಲಿಗೆ ಎಣ್ಣೆ ಹಾಕಿ ಕಿಟಕಿಯಲ್ಲಿ ದೀಪ ಹಚ್ಚಿದಳು. ಮೊಮ್ಮಗನ ಕೈ ಹಿಡಿದು ಬೀದಿಗೆ ಇಳಿದವನು ದೀಪವಿರುವ ಕಿಟಕಿಗಳನ್ನು ಎಣಿಸುವ ಆಟ ಹೂಡಿದೆ. ನಮ್ಮ ಸಾಲಿನಲ್ಲಿ ಹನ್ನೊಂದು ಮನೆ. ದೀಪವಿದ್ದದ್ದು ಮೂರರಲ್ಲಿ, ನಮ್ಮದೂ ಸೇರಿ. ಉಳಿದವುಗಳ ಗೋಡೆಯಲ್ಲಿ ಬೀಗದ ಕೈಯ ಅದೇ ಪುಟ್ಟ ಪೆಟ್ಟಿಗೆ. ಹಗಲಿನಲ್ಲಿ ಅಚ್ಚುಕಟ್ಟಾಗಿ ಬಣ್ಣ ಬಳಿದುಕೊಂಡು ಚೆಲುವಾಗಿ ಕಾಣುತ್ತಿದ್ದ ಊರು ಅದೇ. ಆ ಹೊತ್ತಿನಲ್ಲಿ, ಮದುವೆ ಮುಗಿದು ನೆಂಟರೆಲ್ಲ ಹೊರಟುಹೋದ ಛತ್ರದಂತೆ ತೋರಿತು.

ಖಾಲಿ ಮನೆಯ ಮೊದಲ ಪೆಟ್ಟು ಬೀಳುವುದು ಶಾಲೆಗೆ. ಪರ್ಯಾಯ ದ್ವೀಪದ ದಕ್ಷಿಣ ದಂಡೆಯಲ್ಲಿ ಅಬೆರ್‌ಸೋಕ್ ಎಂಬ ಊರಿದೆ. ದೋಣಿವಿಹಾರಕ್ಕೆ ಹೆಸರಾದದ್ದು, ಮನೆಗಳ ಬೆಲೆಗೂ ಅಷ್ಟೇ ಹೆಸರಾದದ್ದು. ಅಲ್ಲಿಯ ಪ್ರಾಥಮಿಕ ಶಾಲೆ, ಮಕ್ಕಳ ಸಂಖ್ಯೆ ಬೆರಳೆಣಿಕೆಗೆ ಇಳಿದು, 2021ರ ಡಿಸೆಂಬರ್‌ನಲ್ಲಿ ಮುಚ್ಚಿತು. ಶಾಲೆ ಮುಚ್ಚಿದರೆ ಅಲ್ಲಿ ಭಾಷೆಗೂ ಪೆಟ್ಟು. 1901ರ ಜನಗಣತಿಯಲ್ಲಿ ವೇಲ್ಸ್‌ನ ಸುಮಾರು ಅರ್ಧದಷ್ಟು ಜನ ವೆಲ್ಷ್ ಬಲ್ಲವರಾಗಿದ್ದರು. 2021ರಲ್ಲಿ ಅವರ ಪ್ರಮಾಣ ಶೇ 17.8, ಎಂದರೆ ಸುಮಾರು 5.38 ಲಕ್ಷ. ಲೀನ್ ಸೇರಿರುವ ಗ್ವಿನೆದ್ ಜಿಲ್ಲೆಯಲ್ಲಿ ಮಾತ್ರ ಅದು ಶೇ 64ರಷ್ಟಿದೆ. ಅಂಗಡಿಯಲ್ಲಿ, ಅಂಚೆ ಕಚೇರಿಯಲ್ಲಿ, ಜಗಳದಲ್ಲಿ ಇಂದಿಗೂ ವೆಲ್ಷ್ ಕೇಳಿಸುವ ನೆಲ ಅದು. 2050ರ ಹೊತ್ತಿಗೆ ಹತ್ತು ಲಕ್ಷ ವೆಲ್ಷ್ ಭಾಷಿಕರನ್ನು ಕಾಣುವ ಗುರಿಯನ್ನು ಅಲ್ಲಿನ ಸರಕಾರ 2017ರಲ್ಲಿ ಘೋಷಿಸಿತು. ಗುರಿ ಘೋಷಿಸುವುದು ಕಚೇರಿಯಲ್ಲಿ ಆಗುವ ಕೆಲಸ. ಆದರೆ ಭಾಷೆ ಉಳಿಯುವುದು ಪಕ್ಕದ ಮನೆಯಲ್ಲಿ ಮಾತನಾಡಲು ಯಾರಾದರೂ ಇದ್ದಾಗ ತಾನೆ?

ಈ ಸಿಟ್ಟು ಅಲ್ಲಿ ಹಿಂದೊಮ್ಮೆ ಬೆಂಕಿಯಾಗಿಯೂ ಉರಿದಿದೆ. 1979ರ ಡಿಸೆಂಬರ್‌ನಿಂದ 90ರ ದಶಕದ ಆರಂಭದವರೆಗೆ ‘ಮೈಬಿಯನ್ ಗ್ಲಿಂಡೂರ್’ ಎಂಬ ಗುಪ್ತ ಗುಂಪು ಇಂಗ್ಲೆಂಡಿನವರು ರಜೆಗೆಂದು ಕೊಂಡ 200ಕ್ಕೂ ಹೆಚ್ಚು ಮನೆಗಳಿಗೆ ಬೆಂಕಿ ಇಟ್ಟಿತು. ಬೆಂಕಿ ಮನೆ ಬೆಲೆಯನ್ನೂ ಇಳಿಸಲಿಲ್ಲ, ಊರಿನ ಮಕ್ಕಳನ್ನೂ ಹಿಂದಕ್ಕೆ ಕರೆತರಲಿಲ್ಲ. ಈಗಿನ ಹೋರಾಟ ಮೆರವಣಿಗೆಯ, ಮನವಿಪತ್ರದ, ಶಾಸನದ ದಾರಿ ಹಿಡಿದಿದೆ. ‘ವೇಲ್ಸ್ ಮಾರಾಟಕ್ಕಿಲ್ಲ’ ಎಂಬುದು ಅದರ ಘೋಷಣೆ. ಎರಡನೆಯ ಮನೆಗಳ ಮೇಲೆ ನೂರಕ್ಕೆ ನೂರರಷ್ಟು ಹೆಚ್ಚುವರಿ ಮನೆ ತೆರಿಗೆ ವಿಧಿಸುವ ಅಧಿಕಾರ ಸ್ಥಳೀಯ ಆಡಳಿತಗಳಿಗೆ 2017ರಲ್ಲಿ ದೊರೆಯಿತು. 2023ರಲ್ಲಿ ಈ ಮಿತಿ ಶೇ 300ಕ್ಕೆ ಏರಿತು. ಗ್ವಿನೆದ್ ಆ ವರ್ಷ ಶೇ 150ನ್ನು ಆರಿಸಿಕೊಂಡಿತು. ವಾಸದ ಮನೆಯನ್ನು ರಜೆಯ ಮನೆಯಾಗಿ ಬದಲಿಸಲು ಅನುಮತಿ ಪಡೆಯಬೇಕೆಂಬ ನಿಯಮವನ್ನು 2024ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ತಂದಿತು. ಅದನ್ನು ಪ್ರಶ್ನಿಸಿದವರು ನ್ಯಾಯಾಲಯಕ್ಕೂ ಹೋದರು.

ಇಷ್ಟು ಓದಿದವರಿಗೆ ಯಾರು ಸರಿ, ಯಾರು ತಪ್ಪು ಎಂಬುದು ತೀರ್ಮಾನವಾಯಿತೆಂದು ಅನಿಸಬಹುದು. ನನಗೂ ಹಾಗೆ ಅನಿಸಿತ್ತು, ಮನೆಯೊಡತಿಯ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಕುಳಿತ ಸಂಜೆಯವರೆಗೆ. 2023ರ ಏಪ್ರಿಲ್‌ನಲ್ಲಿ ಇನ್ನೊಂದು ನಿಯಮವೂ ಬಂದಿತ್ತು. ಕಾಟೇಜು ‘ವ್ಯಾಪಾರ’ ಎನಿಸಿಕೊಳ್ಳಬೇಕಾದರೆ ವರ್ಷಕ್ಕೆ 252 ದಿನ ಬಾಡಿಗೆಗೆ ಲಭ್ಯವಿರಬೇಕು, 182 ದಿನ ನಿಜವಾಗಿ ಬಾಡಿಗೆಗೆ ಹೋಗಿರಬೇಕು. ಹಿಂದೆ ಈ ಅಂಕಿಗಳು 140 ಮತ್ತು 70 ಆಗಿದ್ದವು. ಲೆಕ್ಕ ತುಂಬದಿದ್ದರೆ ಅದು ಎರಡನೆಯ ಮನೆ; ಹೆಚ್ಚುವರಿ ತೆರಿಗೆ ತೆರಬೇಕು. ‘ಡಿಸೆಂಬರಿನ ಮಳೆಗಾಳಿಯಲ್ಲಿ ಇಲ್ಲಿಗೆ ಯಾರು ಬರುತ್ತಾರೆ?’ ಎಂದು ಅವರು ಕೇಳಿದರು. ಶಾಲೆಯೊಂದರಲ್ಲಿ ಅಡುಗೆ ಮಾಡಿ ನಿವೃತ್ತರಾದ ಅವರಿಗೆ ತಾಯಿಯ ಮನೆಯ ಬಾಡಿಗೆಯೇ ಆಧಾರ. ಶನಿವಾರದ ಆರು ಗಂಟೆಗಳಲ್ಲಿ ಗುಡಿಸಿ ಒರೆಸುವವರು ಅವರು ಮತ್ತು ಅವರ ತಂಗಿ. ನಾವು ನವೆಂಬರಿನಲ್ಲಿ ಕಡಿಮೆ ಬೆಲೆಗೆ ಬಂದದ್ದು ಅವರ 182 ದಿನಗಳ ಲೆಕ್ಕಕ್ಕೆ ಏಳನ್ನು ಸೇರಿಸಲು ಎಂಬುದು ಆಗ ತಿಳಿಯಿತು.

ಅವರ ಮಗ ವಿದ್ಯುತ್ ಕೆಲಸಗಾರ. ಊರಿನಲ್ಲಿ ಮನೆ ಕೊಳ್ಳಲಾಗದೆ ಕಾರ್ನಾರ್ವನ್ ಪಟ್ಟಣದಲ್ಲಿ ಬಾಡಿಗೆಗಿದ್ದಾನೆ. ‘ಈ ಮನೆಯನ್ನು ಅವನಿಗೇ ಕೊಡಬಹುದಿತ್ತಲ್ಲ?’ ಎಂದು ಕೇಳಿದೆ. ಕೇಳಿದ ಮೇಲೆ ಕೇಳಬಾರದಿತ್ತು ಎನಿಸಿತು. ಅವರು ಸ್ವಲ್ಪ ಹೊತ್ತು ಚಹಾ ಪಾತ್ರೆಯ ಮೇಲಿನ ಉಣ್ಣೆಯ ಕವಚವನ್ನು ಸರಿಪಡಿಸುತ್ತ ಸುಮ್ಮನಿದ್ದರು. ‘ಕೊಟ್ಟರೆ ನಾನು ಉಣ್ಣುವುದು ಏನು? ಮಾರಿದರೆ ಕೊಳ್ಳುವವನು ಈ ಊರಿನವನಾಗಿರುವುದಿಲ್ಲ. ಬಾಡಿಗೆಗೆ ಕೊಟ್ಟರೆ ಕನಿಷ್ಠ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಒಂದು ದಿನ ಅವನು ಬರಬಹುದು’ ಎಂದರು. ಎಲ್ಲ ಬಾಡಿಗೆ ಮನೆಗಳೂ ಒಂದೇ ಅಲ್ಲ ಎಂಬುದು ನನಗೆ ಹೊಳೆದದ್ದು ಆಗ. ಹೊರಗಿನಿಂದ ನೋಡಿದರೆ ಎಲ್ಲಕ್ಕೂ ಅದೇ ಬಣ್ಣ, ಅದೇ ಪೆಟ್ಟಿಗೆ. ಆದರೆ ಹೊಗೆಗಂಟೆ ಕೂಗಿದಾಗ ಚಪ್ಪಲಿ ಮೆಟ್ಟಿಕೊಂಡು ಓಡಿಬರುವವರು ಪಕ್ಕದಲ್ಲಿರುವ ಮನೆಯೇ ಬೇರೆ. ದೂರದ ನಗರದಲ್ಲಿ ಕುಳಿತು ಲೆಕ್ಕವನ್ನಷ್ಟೇ ನೋಡುವವರ ಮನೆಯೇ ಬೇರೆ. ಕಾನೂನಿಗೆ ಈ ವ್ಯತ್ಯಾಸ ಕಾಣಿಸುವುದು ಕಷ್ಟ. ಅದು ದಿನಗಳನ್ನು ಎಣಿಸಬಲ್ಲದು, ಅಷ್ಟೆ.

ಹೊರಡುವ ಹಿಂದಿನ ದಿನ ಅವರೇ ಒತ್ತಾಯಿಸಿ ನಮ್ಮನ್ನು ನಾಂಟ್ ಗುರ್ಥೆಯಿರ್ನ್‌ಗೆ ಕಳುಹಿಸಿದರು. ಬೆಟ್ಟದ ಕಡಿದಾದ ಬುಡದಲ್ಲಿ, ಕಡಲಿಗೆ ಮುಖಮಾಡಿದ ಎರಡು ಸಾಲು ಮನೆಗಳು. ಗ್ರಾನೈಟ್ ಗಣಿಯ ಕಾರ್ಮಿಕರಿಗಾಗಿ ಕಟ್ಟಿದ ಊರು ಅದು. ಗಣಿ ನಿಂತು, ಜನ ಬೆಟ್ಟ ಹತ್ತಿ ಹೋಗಿ, ಚಾವಣಿ ಕುಸಿದು ಹಾಳುಬಿದ್ದಿತ್ತು. ಆ ಭಾಗದಲ್ಲಿ ವೈದ್ಯರಾಗಿದ್ದ ಕಾರ್ಲ್ ಕ್ಲೌಸ್ ಅವರ ಮುಂದಾಳತ್ವದಲ್ಲಿ ಜನ ಹಣ ಕೂಡಿಸಿ 1978ರಲ್ಲಿ ಆ ಹಾಳೂರನ್ನೇ ಕೊಂಡರು. ಒಂದೊಂದೇ ಮನೆಗೆ ಚಾವಣಿ ಹಾಕಿ ವೆಲ್ಷ್ ಭಾಷೆ ಕಲಿಸುವ ಕೇಂದ್ರ ಮಾಡಿದರು. ಕಲಿಯಲು ಬಂದವರು ತಂಗುವುದು ಅದೇ ಕಾರ್ಮಿಕರ ಮನೆಗಳಲ್ಲಿ. ಮೇಲಿನ ಲಿಥ್ವಾಯ್ನ್ ಹಳ್ಳಿಯ ಪಾನಗೃಹವನ್ನೂ 1988ರಿಂದ ಊರವರೇ ಒಟ್ಟುಗೂಡಿ ನಡೆಸುತ್ತಿದ್ದಾರೆ. ಅತಿಥಿಗಳು ಬರಬಾರದೆಂದು ಆ ಜನ ಹೇಳಲಿಲ್ಲ. ಬಂದವರು ಯಾರ ಮನೆಗೆ ಬರುತ್ತಿದ್ದಾರೆ ಎಂಬುದು ಮರೆಯದಂತೆ ನೋಡಿಕೊಂಡರು.

ಅಂದು ರಾತ್ರಿ ಅತಿಥಿಗಳ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಲು ಕುಳಿತೆ. ‘ಸುಂದರ ತಾಣ, ಮತ್ತೆ ಬರುತ್ತೇವೆ’ ಎಂದು ಪುಟ ಪುಟದಲ್ಲಿಯೂ ಇತ್ತು. ಬರೆಯಲು ಹೊರಟವನಿಗೆ ಕುಮಟೆಯ ಮನೆಯ ನೆನಪಾಯಿತು. ಅಲ್ಲಿ ದೀಪ ಹಚ್ಚದೆ ಆರು ವರ್ಷವಾಗಿದೆ. ಪಕ್ಕದ ಮನೆಯ ಗಣಪಿ ಎಂಬಾಕೆ ವಾರಕ್ಕೊಮ್ಮೆ ಅಂಗಳ ಗುಡಿಸುತ್ತಾಳೆ. ಬೀಗದ ಕೈ ಇರುವುದು ಅವಳ ಬಳಿ. ನಾನು ಓದಿದ ಶಾಲೆಯಲ್ಲಿ ಮಕ್ಕಳು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆಂದು ಹೇಳಿದವಳೂ ಅವಳೇ. ಒಂದು ವಾರವಿಡೀ ಕತ್ತಲೆಯ ಕಿಟಕಿಗಳನ್ನು ಎಣಿಸುತ್ತ, ಆ ಮನೆಗಳ ಒಡೆಯರು ಎಂಥವರಿರಬಹುದೆಂದು ಮನಸ್ಸಿನಲ್ಲೇ ಬೈಯುತ್ತಿದ್ದೆನಲ್ಲ? ನಮ್ಮೂರಿನ ಬೀದಿಯಲ್ಲಿ ನಿಂತು ಎಣಿಸುವವರಿಗೆ ಆ ಒಡೆಯ ನಾನೇ.

ಹಿಂದಿರುಗಿದ ಮೇಲೆ ತಮ್ಮನಿಗೆ ಕಾಗದ ಬರೆದೆ. ಮನೆಯನ್ನು ಬಾಡಿಗೆಗೆ ಕೊಡುವುದಕ್ಕೆ ನನ್ನ ತಕರಾರಿಲ್ಲ. ಖಾಲಿ ಮನೆ ಯಾರ ಉಪಕಾರಕ್ಕೂ ಇಲ್ಲ. ಆದರೆ ಕರಾರು ಗಣಪಿಯ ಮನೆಯವರೊಡನೆ ಆಗಲಿ. ಅವರು ನಡೆಸಲಿ, ದುರಸ್ತಿಯ ಖರ್ಚು ನಾವು ಹೊರೋಣ, ಬಂದದ್ದರಲ್ಲಿ ಅರ್ಧ ಅವರದು. ಬೆಂಗಳೂರಿನವರು ಕೊಡುವುದರ ಮೂರನೆಯ ಒಂದು ಪಾಲೂ ಇದರಿಂದ ಹುಟ್ಟುವುದಿಲ್ಲ ಎಂಬುದು ನನಗೆ ಗೊತ್ತು. ತಮ್ಮನಿಗೆ ಇಬ್ಬರು ಮಕ್ಕಳ ಕಾಲೇಜಿನ ಖರ್ಚಿದೆ. ಅವನ ಸಿಟ್ಟು ಅನ್ಯಾಯದ್ದಲ್ಲ. ‘ನಿನಗೆ ಪಿಂಚಣಿ ಬರುತ್ತದೆ, ಅದಕ್ಕೆ ಹೀಗೆ ಮಾತಾಡುತ್ತೀ ಅಣ್ಣ’ ಎಂದು ಅವನು ಹೇಳಿದ್ದರಲ್ಲಿ ಸತ್ಯವಿಲ್ಲದಿಲ್ಲ. ಮಾತುಕತೆ ಇನ್ನೂ ಮುಗಿದಿಲ್ಲ. ಬೀಗದ ಕೈ ಸದ್ಯಕ್ಕೆ ಗಣಪಿಯ ಬಳಿಯೇ ಇದೆ.