ಮಡಚುವ ಬಾಲದ ವಿಗ್ಗೆನ್: ಒಂದು ಮಾದರಿ ವಿಮಾನ ಕಲಿಸಿದ ಪಾಠ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ನಮ್ಮ ಕನ್ನಡ ತರಗತಿಯಲ್ಲಿ ಎಷ್ಟೋ ಸಲ ಬರೆಸಿದ್ದೇವೆ. ಈ ವರ್ಷ ಅದನ್ನು ಮಾಡಿಯೂ ನೋಡಿದೆವು. ಕೈಗೆ ಮೆತ್ತಿದ್ದು ಮಾತ್ರ ಕೆಸರಲ್ಲ, ಅಂಟು ಮತ್ತು ಹಸಿರು ಬಣ್ಣ. ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಇಲ್ಲಿನ ಚಳಿಗಾಲದ ಶನಿವಾರಗಳಲ್ಲಿ, ಪಾಠ ಮುಗಿದ ಮೇಲೆ ಮಕ್ಕಳು, ಕೆಲವು ಪೋಷಕರು ಮತ್ತು ನಾವು ಸೇರಿ ಒಂದು ಪ್ಲಾಸ್ಟಿಕ್ ಜೆಟ್ ವಿಮಾನದ ಮಾದರಿಯನ್ನು ಕಟ್ಟಿದೆವು. ಡಬ್ಬಿಯಲ್ಲಿ ಬಂದಂತೆ ಕಟ್ಟಲಿಲ್ಲ, ಸ್ವಲ್ಪ ಬದಲಾಯಿಸಿ ಕಟ್ಟಿದೆವು. ಅದನ್ನು ಹೇಗೆ ಮಾಡುವುದು, ಎಲ್ಲಿ ಎಡವಿದೆವು ಎಂಬುದನ್ನು ಇಲ್ಲಿ ಹೇಳುತ್ತೇವೆ.

ವಿಗ್ಗೆನ್ ಏಕೆ?

ನಾವು ಆರಿಸಿಕೊಂಡದ್ದು ಸ್ವೀಡನ್ನಿನ ಸಾಬ್ ಕಂಪನಿಯ ‘ವಿಗ್ಗೆನ್’. ಸ್ವೀಡಿಷ್ ಭಾಷೆಯಲ್ಲಿ ಈ ಹೆಸರಿಗೆ ಸಿಡಿಲು ಎಂಬ ಅರ್ಥವಿದೆ. ನಮ್ಮ ಇಂದ್ರನ ವಜ್ರಾಯುಧವನ್ನು ನೆನೆಸಿಕೊಳ್ಳಬಹುದು. ಇದು ಮೊದಲು ಹಾರಿದ್ದು 1967ರ ಫೆಬ್ರವರಿ 8ರಂದು. ಒಟ್ಟು 329 ವಿಮಾನಗಳು ತಯಾರಾದವು. 2007ರ ಹೊತ್ತಿಗೆ ಎಲ್ಲವೂ ವಾಯುಪಡೆಯ ಸೇವೆಯಿಂದ ನಿವೃತ್ತವಾದವು.

ಇದಕ್ಕೂ ನಮ್ಮ ದೇಶಕ್ಕೂ ಒಂದು ನಂಟು ಇದೆ. 1970ರ ದಶಕದಲ್ಲಿ ಭಾರತ ಕೊಳ್ಳಲು ಪರಿಶೀಲಿಸಿದ ವಿಮಾನಗಳಲ್ಲಿ ವಿಗ್ಗೆನ್ ಕೂಡ ಒಂದು. ಆದರೆ ಇದರ ಎಂಜಿನ್ ಅಮೆರಿಕದ ವಿನ್ಯಾಸವನ್ನು ಆಧರಿಸಿದ್ದರಿಂದ ಮಾರಾಟಕ್ಕೆ ಅಮೆರಿಕದ ಒಪ್ಪಿಗೆ ಬೇಕಿತ್ತು. 1978ರಲ್ಲಿ ಅದು ಸಿಗಲಿಲ್ಲ. ಭಾರತ ಜಾಗ್ವಾರ್ ವಿಮಾನವನ್ನು ಆರಿಸಿಕೊಂಡಿತು, ಮುಂದೆ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ಜಾಗ್ವಾರ್‌ಗಳು ತಯಾರಾದವು. ಇದನ್ನು ಕೇಳಿದ ಮೇಲೆ ಬೆಂಗಳೂರಿನ ಪೋಷಕರಿಗೂ ನಮ್ಮ ಮೇಜಿನ ಮೇಲಿದ್ದ ಡಬ್ಬಿಯಲ್ಲಿ ಆಸಕ್ತಿ ಹುಟ್ಟಿತು.

ಅಳತೆಯ ಲೆಕ್ಕ

ನಮ್ಮ ಮಾದರಿಯ ಪ್ರಮಾಣ 1:48. ಅಂದರೆ ನಿಜವಾದ ವಿಮಾನದ 48 ಸೆಂಟಿಮೀಟರ್ ಮಾದರಿಯಲ್ಲಿ 1 ಸೆಂಟಿಮೀಟರ್ ಆಗುತ್ತದೆ. ವಿಗ್ಗೆನ್‌ನ ರೆಕ್ಕೆಗಳ ಅಗಲ 10.6 ಮೀಟರ್, ಮಾದರಿಯಲ್ಲಿ ಸುಮಾರು 22 ಸೆಂ.ಮೀ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ 1:72 ಪ್ರಮಾಣದಲ್ಲಾದರೆ ಅದು 15 ಸೆಂ.ಮೀ. ಮಾತ್ರ. ಮಾದರಿ ದೊಡ್ಡದಾದಷ್ಟೂ ಸಣ್ಣ ಭಾಗಗಳನ್ನು ಬದಲಾಯಿಸುವುದು ಸುಲಭ, ಆದರೆ ತಪ್ಪು ಕೂಡ ಅಷ್ಟೇ ದೊಡ್ಡದಾಗಿ ಕಾಣುತ್ತದೆ! ಗರಗಸದ ಅಲಗು 0.2 ಮಿಲಿಮೀಟರ್ ಪ್ಲಾಸ್ಟಿಕ್ ತಿಂದರೆ, ನಿಜ ವಿಮಾನದಲ್ಲಿ ಸುಮಾರು ಒಂದು ಸೆಂಟಿಮೀಟರ್ ಮಾಯವಾದಂತೆ.

ಏನನ್ನು ಬದಲಾಯಿಸಿದೆವು?

ವಿಗ್ಗೆನ್‌ನ ಬಾಲದ ಮೇಲೆ ನೆಟ್ಟಗೆ ನಿಂತ ರೆಕ್ಕೆಯನ್ನು ಫಿನ್ ಎನ್ನುತ್ತಾರೆ. ನಿಜ ವಿಮಾನದಲ್ಲಿ ಈ ಫಿನ್ ಕೀಲಿನ ಮೇಲೆ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಶೀತಲ ಸಮರದ ಕಾಲದಲ್ಲಿ ಸ್ವೀಡನ್ ತನ್ನ ಯುದ್ಧವಿಮಾನಗಳನ್ನು ಒಂದೇ ಕಡೆ ಇಡದೆ ಹಂಚಿ ಇಡುತ್ತಿತ್ತು. ಅಗತ್ಯ ಬಿದ್ದರೆ ಹೆದ್ದಾರಿಯ ನೇರವಾದ ತುಂಡುಗಳೇ ರನ್‌ವೇ. ಬಂಡೆ ಕೊರೆದು ಮಾಡಿದ ನೆಲದಡಿಯ ಹ್ಯಾಂಗರ್‌ಗಳೂ ಇದ್ದವು. ಯೋಟೆಬೊರಿಯ ಏರೋಸಿಯಂ ಸಂಗ್ರಹಾಲಯ ಇರುವುದು ಅಂಥದೇ ಒಂದು ಹಳೆಯ ಹ್ಯಾಂಗರಿನಲ್ಲಿ. ಚಾವಣಿ ತಗ್ಗಿದ್ದರೆ ಐದೂವರೆ ಮೀಟರಿಗಿಂತ ಎತ್ತರದ ವಿಮಾನ ಒಳಗೆ ಹೋಗುವುದು ಕಷ್ಟ. ಫಿನ್ ಮಡಚಿದರೆ ಎತ್ತರ ಸುಮಾರು ನಾಲ್ಕು ಮೀಟರಿಗೆ ಇಳಿಯುತ್ತದೆ.

ನಮ್ಮ ಕಿಟ್‌ನಲ್ಲಿ ಫಿನ್ ನೆಟ್ಟಗೆ ನಿಲ್ಲುವಂತೆ ಮಾತ್ರ ಅಚ್ಚು ಹಾಕಲಾಗಿತ್ತು. ಅದನ್ನು ಮಡಚಿದಂತೆ ಮಾಡೋಣ ಎಂಬುದು ಹನ್ನೊಂದು ವರ್ಷದ ಒಬ್ಬ ವಿದ್ಯಾರ್ಥಿಯ ಸಲಹೆ. ಹೋದ ವರ್ಷ ವಾರ್ಷಿಕೋತ್ಸವಕ್ಕೆಂದು ಬಸ್ಸಿನಲ್ಲಿ ತರುವಾಗ ಅವನ ಮಾದರಿಯ ಫಿನ್ ಡಬ್ಬಿಯ ಮುಚ್ಚಳ ಒತ್ತಿ ಮುರಿದಿತ್ತು. ನಿಜವಾದ ವಿಮಾನದ ತೊಂದರೆಯೂ ಅವನ ಬೂಟಿನ ಡಬ್ಬಿಯ ತೊಂದರೆಯೂ ಒಂದೇ!

ನಾವು ಮಾಡಿದ ತಪ್ಪು

ಜನವರಿಯಲ್ಲಿ ಫಿನ್ ಕತ್ತರಿಸಲು ಕುಳಿತೆವು. ಕೀಲು ಎಲ್ಲಿ ಬರುತ್ತದೆ ಎಂದು ಡಬ್ಬಿಯ ಮೇಲಿನ ಚಿತ್ರ ನೋಡಿ ಊಹಿಸಿ, ಪೆನ್ಸಿಲಿನಿಂದ ಗೆರೆ ಎಳೆದವರು ನಾವು, ಅಂದರೆ ದೊಡ್ಡವರು. ಗರಗಸ ಹಿಡಿದವನು ಆ ಹುಡುಗ. ತುಂಬ ಅಚ್ಚುಕಟ್ಟಾಗಿ ಕತ್ತರಿಸಿದ.

ಫೆಬ್ರವರಿಯ ಕ್ರೀಡಾ ರಜೆಯಲ್ಲಿ ಲಿನ್‌ಶೋಪಿಂಗ್ ಪಕ್ಕದ ವಾಯುಪಡೆ ಸಂಗ್ರಹಾಲಯಕ್ಕೆ ಹೋದೆವು. ಅಲ್ಲಿ ನಿಜವಾದ ವಿಗ್ಗೆನ್ ಮುಂದೆ ನಿಂತಾಗ ಅವನೇ ಮೊದಲು ಬೆರಳು ತೋರಿಸಿದ: ‘ಮಿಸ್, ಕೀಲು ಅಲ್ಲಿಲ್ಲ, ಕೆಳಗಿದೆ.’ ಹೌದು, ಕೀಲು ಬಾಲದ ಬುಡದ ಹತ್ತಿರವೇ ಇತ್ತು. ನಾವು ಕತ್ತರಿಸಿದ್ದು ಅದಕ್ಕಿಂತ ಸಾಕಷ್ಟು ಮೇಲೆ. ಅವನ ಕಣ್ಣು ತುಂಬಿ ಬಂತು. ಇದ್ದದ್ದು ಒಂದೇ ಕಿಟ್, ವಾರ್ಷಿಕೋತ್ಸವ ಹತ್ತಿರವಾಗಿತ್ತು. ‘ತಪ್ಪು ನಿನ್ನದಲ್ಲ ಕಂದ, ಗೆರೆ ಎಳೆದವರದು’ ಎಂದು ಅಲ್ಲೇ ಎಲ್ಲರ ಮುಂದೆ ಹೇಳಿದೆವು.

ಸರಿಪಡಿಸಿದ ಬಗೆ

ಮಾದರಿ ವಿಮಾನದ ಅಂಟು ಕಾಗದದ ಗೋಂದಿನಂತೆ ಅಲ್ಲ. ಅದು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಸ್ವಲ್ಪ ಕರಗಿಸಿ ಎರಡು ತುಂಡುಗಳನ್ನು ಬೆಸೆಯುತ್ತದೆ. ಹೀಗಾಗಿ ಕತ್ತರಿಸಿದ್ದನ್ನು ಮತ್ತೆ ಗಟ್ಟಿಯಾಗಿ ಕೂಡಿಸಬಹುದು. ನಾವು ಮಾಡಿದ ಕ್ರಮ ಇದು:

1. ಗರಗಸ ತಿಂದ ಜಾಗಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆಯ ಪಟ್ಟಿ ಇಟ್ಟು ಎರಡು ತುಂಡುಗಳನ್ನು ಅಂಟಿಸಿದೆವು. ಒಂದು ಇಡೀ ದಿನ ಮುಟ್ಟದೆ ಒಣಗಲು ಬಿಟ್ಟೆವು.

2. ಸಂದಿಗೆ ಪುಟ್ಟಿ ತುಂಬಿ, 400, 600, 1000 ನಂಬರಿನ ಸ್ಯಾಂಡ್‌ಪೇಪರಿನಿಂದ ಈ ಕ್ರಮದಲ್ಲೇ ನೀರು ಹಚ್ಚಿ ಉಜ್ಜಿದೆವು. ನೀರಿದ್ದರೆ ಪುಡಿ ಹಾರಿ ಮೂಗಿಗೆ ಹೋಗುವುದಿಲ್ಲ.

3. ನೇರವಾಗಿ ಪಕ್ಕದಿಂದ ತೆಗೆದ ಫೋಟೋದಲ್ಲಿ ಫಿನ್‌ನ ಎತ್ತರವನ್ನೂ ಕೀಲಿನ ಎತ್ತರವನ್ನೂ ಸ್ಕೇಲಿನಿಂದ ಅಳೆದೆವು. ಅದೇ ಅನುಪಾತವನ್ನು ಮಾದರಿಯ ಮೇಲೆ ಗುರುತಿಸಿದೆವು. ಓರೆಯಾಗಿ ತೆಗೆದ ಫೋಟೋ ತಪ್ಪು ಅಳತೆ ಕೊಡುತ್ತದೆ.

4. ಗೆರೆಯ ಉದ್ದಕ್ಕೂ ದಪ್ಪ ಟೇಪು ಅಂಟಿಸಿ, ಅದರ ಅಂಚಿಗೆ ಚಾಕುವಿನ ಮೊನೆಯನ್ನು ಹಗುರವಾಗಿ ಹಲವು ಸಲ ಎಳೆದೆವು. ಗೀರು ಬಿದ್ದ ಮೇಲೆ ಗರಗಸ ಜಾರುವುದಿಲ್ಲ.

5. ಎರಡೂ ತುಂಡುಗಳಲ್ಲಿ ಸಣ್ಣ ರಂಧ್ರ ಕೊರೆದು, 0.5 ಮಿ.ಮೀ. ಹಿತ್ತಾಳೆ ತಂತಿಯನ್ನು ಬಗ್ಗಿಸಿ ಒಳಗೆ ಕೂರಿಸಿದೆವು. ಮಡಚಿದ ಫಿನ್‌ನ ಭಾರವನ್ನು ತಂತಿ ಹೊರುತ್ತದೆ.

ಚಾಕು, ಗರಗಸದ ಕೆಲಸವನ್ನು ದೊಡ್ಡವರ ಎದುರಿನಲ್ಲೇ ಮಾಡಬೇಕು. ಅಂಟು, ಬಣ್ಣ ಬಳಸುವಾಗ ಚಳಿಯಿದ್ದರೂ ಕಿಟಕಿ ತೆರೆದಿಡಬೇಕು.

ಎರಡನೆಯ ಸಲ ಯಾರು ಕತ್ತರಿಸುವುದು ಎಂಬ ಪ್ರಶ್ನೆ ಬಂತು. ಅವನು ಹಿಂದೆ ಸರಿದು ನಿಂತಿದ್ದ. ಗೆರೆಯನ್ನೂ ನೀನೇ ಎಳೆ ಎಂದು ಸ್ಕೇಲು, ಪೆನ್ಸಿಲು ಕೊಟ್ಟೆವು. ಮೂರು ಸಲ ಅಳೆದ, ಒಂದು ಸಲ ಕತ್ತರಿಸಿದ. ಈ ಸಲ ಸರಿಯಾಗಿ ಬಂತು.

ಬಣ್ಣದ ಕೆಲಸ

ವಿಗ್ಗೆನ್‌ನ ಹೆಸರಾಂತ ಬಣ್ಣಗಾರಿಕೆಗೆ ಸ್ವೀಡಿಷ್‌ನಲ್ಲಿ ‘ಹೊಲ ಮತ್ತು ಹುಲ್ಲುಗಾವಲು’ ಎಂಬ ಅರ್ಥದ ಹೆಸರಿದೆ. ಮೂರು ಬಗೆಯ ಹಸಿರು, ಒಂದು ಮಣ್ಣಿನ ಕಂದು. ಒಡೆದ ಗಾಜಿನ ಚೂರುಗಳಂತೆ ಅಂಚುಗಳೆಲ್ಲ ನೇರ. ಮೊದಲು ತಿಳಿಯಾದ ಬಣ್ಣ ಬಳಿದು, ಅದು ಉಳಿಯಬೇಕಾದ ಕಡೆ ಟೇಪು ಮುಚ್ಚಿ, ಮುಂದಿನ ಗಾಢ ಬಣ್ಣ ಬಳಿಯಬೇಕು. ಕೊನೆಯಲ್ಲಿ ಟೇಪು ಬಿಚ್ಚುವಾಗ ಮಕ್ಕಳಿಗೆ ಆದ ಸಂತೋಷ ಹೇಳತೀರದು.

ಕೊನೆಯ ಮಾತು

ಬಣ್ಣ ಬಳಿದ ಮೇಲೂ, ದೀಪದ ಕೆಳಗೆ ಓರೆಯಾಗಿ ಹಿಡಿದರೆ ಫಿನ್ ಮೇಲೆ ಹಳೆಯ ಗಾಯದ ತೆಳುವಾದ ಗೆರೆ ಕಾಣುತ್ತದೆ. ಅದನ್ನು ಇನ್ನೂ ಉಜ್ಜಿ ಅಳಿಸಬಹುದಿತ್ತು. ಬೇಡ, ಇರಲಿ ಎಂದವನು ಆ ಹುಡುಗನೇ. ವಾರ್ಷಿಕೋತ್ಸವದ ದಿನ ವಿಮಾನ ಬೂಟಿನ ಡಬ್ಬಿಯಲ್ಲಿ ಮುಚ್ಚಳ ಮುಚ್ಚಿಕೊಂಡು, ಬಸ್ಸಿನಲ್ಲಿ ಸುರಕ್ಷಿತವಾಗಿ ಬಂತು. ನೋಡಲು ಬಂದವರಿಗೆಲ್ಲ ಅವನು ಮೊದಲು ತೋರಿಸಿದ್ದು ಆ ಗೆರೆಯನ್ನೇ. ವಿವರಿಸಿದ್ದು ಕನ್ನಡದಲ್ಲಿ, ಅಳೆ, ಕೊರೆ, ಉಜ್ಜು, ಬೆಸೆ ಎಂಬ ಮಾತುಗಳು ಅವನ ಬಾಯಿಗೆ ತಾವಾಗಿ ಬಂದವು.

ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೇ. ಮಕ್ಕಳೊಂದಿಗೆ ಕುಳಿತು ಏನನ್ನಾದರೂ ಕಟ್ಟಿ, ಕನ್ನಡದಲ್ಲೇ ಮಾತಾಡುತ್ತಾ ಕಟ್ಟಿ. ಮಕ್ಕಳೇ, ಕತ್ತರಿಸುವ ಮೊದಲು ನಿಜವಾದದ್ದನ್ನು ಕಣ್ಣಾರೆ ನೋಡಿ. ತಪ್ಪಿದರೆ ಅಳಬೇಡಿ, ಅಂಟು ಒಣಗುವ ತನಕ ಕಾಯಿರಿ.