ಸಮುದ್ರದ ಲೆಕ್ಕ, ಒಂದೇ ಸಾಲಿನಲ್ಲಿ

2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಹಲವು ಊರುಗಳ ಈದ್ಗಾಗಳಲ್ಲಿ ಮಳೆಗಾಗಿ ನಮಾಜ್ ನಡೆಯಿತು. ಆ ವರ್ಷ ಪತ್ರಿಕೆಗಳಲ್ಲಿ ಪದೇಪದೇ ಬಂದ ಹೆಸರು ‘ಎಲ್ ನಿನೊ’. ಎಲ್ಲೋ ಪೆಸಿಫಿಕ್ ಸಾಗರ ಬಿಸಿಯಾದರೆ ನಮ್ಮ ಮಳೆ ಏಕೆ ಕಡಿಮೆಯಾಗಬೇಕು? ನಾನು ವಾಣಿಜ್ಯ ವಿದ್ಯಾರ್ಥಿ. ಆದರೂ ಇದರ ಮೂಲ ಲೆಕ್ಕ ನಮಗೂ ಅರ್ಥವಾಗುವಂಥದ್ದು.

ಸಾಮಾನ್ಯ ವರ್ಷಗಳಲ್ಲಿ ಸಮಭಾಜಕದ ಬಳಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಅದು ಬಿಸಿನೀರನ್ನು ಇಂಡೋನೇಷ್ಯಾದ ಕಡೆಗೆ ತಳ್ಳುತ್ತದೆ. ಅತ್ತ ಪೆರು ದೇಶದ ತೀರದಲ್ಲಿ ಆಳದ ತಣ್ಣೀರು ಮೇಲೆ ಬರುತ್ತದೆ. ಗಾಳಿ ದುರ್ಬಲವಾದರೆ ಬಿಸಿನೀರು ಪೂರ್ವಕ್ಕೆ ಹರಡುತ್ತದೆ. ಆಗ ಎರಡೂ ಕಡೆಯ ಉಷ್ಣತೆಯ ವ್ಯತ್ಯಾಸ ಕಡಿಮೆಯಾಗಿ ಗಾಳಿ ಇನ್ನಷ್ಟು ಸೋಲುತ್ತದೆ. ಇದು ಚಕ್ರಬಡ್ಡಿ ಇದ್ದಂತೆ. 1969ರಲ್ಲಿ ಯಾಕೋಬ್ ಬ್ಯರ್ಕ್‌ನೆಸ್ ಇದನ್ನು ವಿವರಿಸಿದರು. ಮೋಡ ಕಟ್ಟುವ ಜಾಗವೂ ಪೂರ್ವಕ್ಕೆ ಸರಿಯುವುದರಿಂದ ನಮ್ಮ ಕಡೆ ಗಾಳಿ ಮೇಲೇರುವ ಬದಲು ಕೆಳಗಿಳಿಯುತ್ತದೆ, ಮುಂಗಾರು ಸೊರಗುತ್ತದೆ.

ಹಾಗಾದರೆ ಬಿಸಿ ಏರುತ್ತಲೇ ಏಕೆ ಹೋಗುವುದಿಲ್ಲ? ಗಾಳಿ ಬದಲಾದಾಗ ಸಮುದ್ರದೊಳಗೆ ನಿಧಾನವಾದ ಅಲೆಗಳು ಪಶ್ಚಿಮಕ್ಕೆ ಹೊರಡುತ್ತವೆ. ಅವು ಇಂಡೋನೇಷ್ಯಾದ ಬಳಿ ಪ್ರತಿಫಲಿಸಿ ಪೂರ್ವಕ್ಕೆ ಮರಳಿ, ತಣ್ಣೀರನ್ನು ಮೇಲಕ್ಕೆ ತರುತ್ತವೆ. ಇದಕ್ಕೆ ಹಲವು ತಿಂಗಳು ಬೇಕು. ಟೊಮೆಟೊ ಬೆಲೆ ಏರಿದಾಗ ಎಲ್ಲರೂ ನಾಟಿ ಮಾಡಿ, ಮೂರು ತಿಂಗಳ ನಂತರ ಬೆಲೆ ಕುಸಿಯುವುದಿಲ್ಲವೇ? ಹಾಗೆಯೇ ಇದೂ. ಉತ್ತರ ತಡವಾಗಿ ಬಂದಾಗ ಏರಿಳಿತ ಹುಟ್ಟುತ್ತದೆ.

1988ರಲ್ಲಿ ಸುವಾರೆಜ್ ಮತ್ತು ಶಾಪ್ಫ್ ಇದನ್ನು ಒಂದೇ ಸಮೀಕರಣದಲ್ಲಿ ಬರೆದರು. ಅದರ ಇನ್ನೂ ಸರಳ ರೂಪವನ್ನು ಕ್ಯಾಲ್ಕುಲೇಟರಿನಲ್ಲಿ ಮಾಡಿ ನೋಡಬಹುದು. ಒಂದು ಹೆಜ್ಜೆ ಎಂದರೆ ಮೂರು ತಿಂಗಳು:

ಮುಂದಿನ ತಾಪ = 1.3 × ಈಗಿನ ತಾಪ − 0.5 × ಆರು ತಿಂಗಳ ಹಿಂದಿನ ತಾಪ

ಇಲ್ಲಿ ತಾಪ ಎಂದರೆ ಸರಾಸರಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದು. 1.3 ಮತ್ತು 0.5 ಉದಾಹರಣೆಗಾಗಿ ನಾನೇ ಆರಿಸಿದವು. ಮೊದಲು ಸೊನ್ನೆ ಇದ್ದದ್ದು 1 ಡಿಗ್ರಿ ಆಯಿತೆಂದು ಇಟ್ಟುಕೊಳ್ಳಿ. ಉತ್ತರ: 1, 1.3, 1.69, 1.7, 1.56, 1.18, 0.68, 0.11, −0.45. ಹೊರಗಿನಿಂದ ಯಾರೂ ತಣ್ಣಗೆ ಮಾಡಲಿಲ್ಲ. ಎರಡು ವರ್ಷದಲ್ಲಿ ಬಿಸಿ ತಾನಾಗಿಯೇ ತಂಪಿಗೆ ತಿರುಗಿತು. ಈ ತಂಪಿನ ಹಂತಕ್ಕೆ ‘ಲಾ ನಿನಾ’ ಎನ್ನುತ್ತಾರೆ.

ಇದಕ್ಕಿಂತ ದೊಡ್ಡದು, ಆದರೂ ಸರಳವೇ ಆದ ಮಾದರಿ ಅಮೆರಿಕದ ಮಾರ್ಕ್ ಕೇನ್ ಮತ್ತು ಸ್ಟೀಫನ್ ಜೀಬಿಯಾಕ್ ಅವರದು. ಅದು ಇಡೀ ಭೂಮಿಯ ಹವಾಮಾನವನ್ನು ಲೆಕ್ಕ ಹಾಕುವುದಿಲ್ಲ. ಉಷ್ಣವಲಯದ ಪೆಸಿಫಿಕ್ ಸಾಮಾನ್ಯ ಸ್ಥಿತಿಯಿಂದ ಎಷ್ಟು ಬದಲಾಗಿದೆ ಎಂಬುದನ್ನಷ್ಟೇ ನೋಡುತ್ತದೆ. 1982–83ರ ದೊಡ್ಡ ಎಲ್ ನಿನೊ ವಿಜ್ಞಾನಿಗಳಿಗೆ ಮುಂಚೆ ತಿಳಿದಿರಲಿಲ್ಲ. 1986ರಲ್ಲಿ ಈ ಮಾದರಿ ಮುಂದಿನ ಎಲ್ ನಿನೊವನ್ನು ಮೊದಲೇ ಹೇಳಿತು, ಅದು ಬಂದಿತು.

ಆದರೆ ಎಚ್ಚರವೂ ಬೇಕು. 1997ರಲ್ಲಿ ಪ್ರಬಲ ಎಲ್ ನಿನೊ ಇದ್ದರೂ ಭಾರತಕ್ಕೆ ವಾಡಿಕೆಯಷ್ಟು ಮಳೆ ಬಂತು. ಹಿಂದೂ ಮಹಾಸಾಗರದ ಲೆಕ್ಕವೂ ಬೇರೆ ಇದೆ. ಅಂದಾಜು ಪಟ್ಟಿ ಸಿದ್ಧವಾದ ಮಾತ್ರಕ್ಕೆ ಲಾಭ ಕೈಗೆ ಬಂದಂತಲ್ಲ ಎಂದು ನಮಗೆ ಗೊತ್ತು. ಆದರೂ ಕೆಲವು ತಿಂಗಳು ಮೊದಲು ಸೂಚನೆ ಸಿಕ್ಕರೆ ರೈತ ಬೇರೆ ಬೀಜ ಆರಿಸಬಹುದು, ಊರು ಕೆರೆಯ ನೀರನ್ನು ಉಳಿಸಿಕೊಳ್ಳಬಹುದು. ದುಆ ನಾವು ಮಾಡೋಣ, ಲೆಕ್ಕವನ್ನೂ ಕಲಿಯೋಣ.